ವಾರ್ಡಿನಿಂದ ಆರಂಭಿಸಿ: ಮೈಸೂರಿನಲ್ಲಿ ವೈದ್ಯಕೀಯ ಉಪಕರಣದ ಉದ್ಯಮ ಕಟ್ಟುವ ಕ್ರಮ

ವೈದ್ಯಕೀಯ ಉಪಕರಣ ತಯಾರಿಸುವ ಆಸೆಯಿಂದ ಮೈಸೂರು, ಮಂಡ್ಯದ ಎಂಜಿನಿಯರಿಂಗ್ ಪದವೀಧರರು ಸಲಹೆ ಕೇಳಲು ಬಂದಾಗ ನಾನು ಹೇಳುವ ಮೊದಲ ಮಾತು ಒಂದೇ: ಕಂಪನಿ ನೋಂದಾಯಿಸುವ ಮುನ್ನ ಒಂದು ತಿಂಗಳನ್ನಾದರೂ ವಾರ್ಡಿನಲ್ಲಿ ಕಳೆಯಿರಿ. ನಮ್ಮ ಊರಿಗೆ ಈ ವಿಷಯದಲ್ಲಿ ದೊಡ್ಡ ಅನುಕೂಲವಿದೆ. 1924ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜು, ಅದಕ್ಕೆ ಸೇರಿದ, ಜನ ಇಂದಿಗೂ ದೊಡ್ಡಾಸ್ಪತ್ರೆ ಎಂದೇ ಕರೆಯುವ ಕೆ.ಆರ್. ಆಸ್ಪತ್ರೆ, ಹೆರಿಗೆ ಮತ್ತು ಮಕ್ಕಳಿಗೆ ಚೆಲುವಾಂಬ, ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ, ಮಂಡ್ಯದಲ್ಲಿ ಮಿಮ್ಸ್ ಎಂಬ ವೈದ್ಯಕೀಯ ಕಾಲೇಜು, ಇವೆಲ್ಲವೂ ಒಂದು ಬಸ್ ಪ್ರಯಾಣದ ಅಳತೆಯಲ್ಲಿವೆ. ವಿಭಾಗದ ಮುಖ್ಯಸ್ಥರಿಗೆ ಪತ್ರ ಬರೆದು, ವೈದ್ಯಕೀಯ ಅಧೀಕ್ಷಕರ ಲಿಖಿತ ಅನುಮತಿ ಪಡೆದು, ರೋಗಿಗಳ ಹೆಸರನ್ನಾಗಲಿ ಫೋಟೋವನ್ನಾಗಲಿ ದಾಖಲಿಸದೆ ಒಂದು ಮೂಲೆಯಲ್ಲಿ ನಿಂತು ನೋಡಬೇಕು.

ಹಗಲಿಗಿಂತ ರಾತ್ರಿ ಪಾಳಿಯಲ್ಲಿ ಹೆಚ್ಚು ಕಲಿಯುತ್ತೀರಿ. ನಾನು ನಿಂತಿದ್ದ ವಾರ್ಡಿನಲ್ಲಿ ಒಬ್ಬ ಸಿಸ್ಟರ್ ಡ್ರಿಪ್ಸ್ ಹಾಕಿದ ಪ್ರತಿ ಮಂಚದ ಬಳಿಯೂ ಗಡಿಯಾರ ನೋಡುತ್ತ ಹನಿ ಎಣಿಸುತ್ತಿದ್ದರು. ಸಾಮಾನ್ಯ ಐವಿ ಸೆಟ್‌ನಲ್ಲಿ 20 ಹನಿ ಸೇರಿದರೆ ಒಂದು ಮಿಲಿಲೀಟರ್. ಸಣ್ಣ ಹನಿ ಬೀಳುವ ಮೈಕ್ರೋ ಸೆಟ್‌ನಲ್ಲಿ 60. ಒಂದು ಲೀಟರ್ ದ್ರವ 8 ಗಂಟೆಯಲ್ಲಿ ಹೋಗಬೇಕೆಂದು ವೈದ್ಯರು ಬರೆದಿದ್ದರೆ ಸಾಮಾನ್ಯ ಸೆಟ್‌ನಲ್ಲಿ ನಿಮಿಷಕ್ಕೆ ಸುಮಾರು 42 ಹನಿ ಬೀಳಬೇಕು. ರೋಗಿ ಕೈ ಮಡಚಿದರೂ ಆ ಲೆಕ್ಕ ತಪ್ಪುತ್ತದೆ. ಆಮೇಲೆ ರೋಗಿಯ ಕಡೆಯವರು ಓಡಿ ಬಂದು ‘ಸಿಸ್ಟರ್, ಬಾಟ್ಲು ಖಾಲಿ ಆಯ್ತು’ ಎನ್ನುವವರೆಗೆ ಎಚ್ಚರಿಸುವವರು ಯಾರೂ ಇರುವುದಿಲ್ಲ. ನೀವು ಹುಡುಕಬೇಕಾದದ್ದು ಇಂಥ ಕೊರತೆಯನ್ನು. ಅದನ್ನು ಒಂದೇ ವಾಕ್ಯದಲ್ಲಿ ಬರೆದು ವೈದ್ಯರು, ಶುಶ್ರೂಷಕಿಯರು, ಉಪಕರಣ ದುರಸ್ತಿ ಮಾಡುವ ಬಯೋಮೆಡಿಕಲ್ ತಂತ್ರಜ್ಞರು, ಖರೀದಿ ವಿಭಾಗದವರು, ಈ ನಾಲ್ವರಿಗೂ ತೋರಿಸಿ. ವೈದ್ಯರು ಮೆಚ್ಚಿದ ಮಾತ್ರಕ್ಕೆ ಉಪಕರಣ ಬಳಕೆಗೆ ಬರುವುದಿಲ್ಲ. ಅದನ್ನು ದಿನಕ್ಕೆ ಹತ್ತು ಸಲ ಮುಟ್ಟುವವರು ಸಿಸ್ಟರ್‌ಗಳು.

ಮೊದಲ ಮಾದರಿ ಚೆನ್ನಾಗಿ ಕಾಣಬೇಕಾಗಿಲ್ಲ, ಬೇಗ ಸೋಲಬೇಕು. ನಮ್ಮದು ಹನಿ ಬೀಳುವ ಡ್ರಿಪ್ ಚೇಂಬರಿಗೆ ಕ್ಲಿಪ್ಪಿನಂತೆ ಸಿಕ್ಕಿಸುವ ಪುಟ್ಟ ಪೆಟ್ಟಿಗೆಯಾಗಿತ್ತು. ಒಂದು ಬದಿಯಿಂದ ಇನ್‌ಫ್ರಾರೆಡ್ ಕಿರಣ, ಎದುರು ಬದಿಯಲ್ಲಿ ಸೆನ್ಸರ್, ಹನಿ ಅಡ್ಡ ಬಂದಾಗಲೆಲ್ಲ ಒಂದು ಎಣಿಕೆ. ಮನೆಯ ಮೇಜಿನ ಮೇಲೆ ಒಂದು ಹನಿಯೂ ತಪ್ಪಲಿಲ್ಲ. ಒಂದು ಆಸ್ಪತ್ರೆಯ ಖಾಲಿ ಕೋಣೆಯಲ್ಲಿ, ರೋಗಿಯಿಲ್ಲದೆ, ಸ್ಟ್ಯಾಂಡಿಗೆ ಬಾಟಲಿ ತೂಗುಹಾಕಿ ಪರೀಕ್ಷಿಸಿದಾಗ ಪೂರ್ವದ ಕಿಟಕಿಯಿಂದ ಬೆಳಗಿನ ಬಿಸಿಲು ನೇರವಾಗಿ ಬಿದ್ದು ಸೆನ್ಸರ್ ಕುರುಡಾಯಿತು, ಎಣಿಕೆ ನಿಂತೇ ಹೋಯಿತು. ಕಿರಣವನ್ನು ನಿಗದಿತ ವೇಗದಲ್ಲಿ ಮಿಡಿಯುವಂತೆ ಮಾಡಿ, ಆ ಮಿಡಿತವನ್ನು ಮಾತ್ರ ಓದುವಂತೆ ಸರ್ಕ್ಯೂಟ್ ಬದಲಿಸಿ, ಮೇಲೊಂದು ಕಪ್ಪು ಮುಚ್ಚಿಗೆ ಹಾಕಿದ ಮೇಲೆ ಸರಿಹೋಯಿತು. ಇನ್ನೊಂದು ತಪ್ಪು ನಮ್ಮ ಅರಿವಿಗೇ ಬಂದಿರಲಿಲ್ಲ: ಅಕ್ರಿಲಿಕ್ ಹೊರಕವಚವನ್ನು ದಿನವೂ ಸ್ಪಿರಿಟ್ಟಿನಿಂದ ಒರೆಸಿದ ಪರಿಣಾಮ ಸ್ಕ್ರೂಗಳ ಸುತ್ತ ಕೂದಲೆಳೆಯಂಥ ಬಿರುಕುಗಳು ಮೂಡಿದವು. ಆದ್ದರಿಂದ ಆಸ್ಪತ್ರೆಯಲ್ಲಿ ಯಾವುದರಿಂದ ಒರೆಸುತ್ತಾರೆ ಎಂಬುದನ್ನು ಕೇಳಿಕೊಂಡೇ ಪ್ಲಾಸ್ಟಿಕ್ ಆರಿಸಿ.

ವಿದ್ಯುತ್ ಸುರಕ್ಷತೆಯಲ್ಲಿ ಮಾತ್ರ ಪ್ರಯೋಗಕ್ಕೆ ಅವಕಾಶವಿಲ್ಲ. ವೈದ್ಯಕೀಯ ವಿದ್ಯುತ್ ಉಪಕರಣಗಳ ಅಂತರರಾಷ್ಟ್ರೀಯ ಮಾನದಂಡವಾದ ಐಇಸಿ 60601-1ರ ಪ್ರಕಾರ ರೋಗಿಯ ದೇಹದ ಮೂಲಕ ಹರಿಯಬಹುದಾದ ಎಸಿ ವಿದ್ಯುತ್ತಿನ ಸೋರಿಕೆ ಸಾಮಾನ್ಯ ಸ್ಥಿತಿಯಲ್ಲಿ 100 ಮೈಕ್ರೋಆಂಪಿಯರ್ ಮೀರಬಾರದು; ಹೃದಯಕ್ಕೆ ನೇರ ಸಂಪರ್ಕವಿರುವ ಉಪಕರಣಗಳಿಗೆ ಆ ಮಿತಿ ಬರೀ 10. ಇದಕ್ಕೆ ಮಾನ್ಯತೆ ಪಡೆದ ಪ್ರಯೋಗಾಲಯದ ವರದಿಯೇ ಬೇಕು.

ಕಾನೂನಿನ ಭಾಗವನ್ನು ಹಲವರು ಕೊನೆಗೆ ಇಟ್ಟುಕೊಂಡು ವರ್ಷಗಟ್ಟಲೆ ಕಳೆದುಕೊಳ್ಳುತ್ತಾರೆ. ವೈದ್ಯಕೀಯ ಉಪಕರಣಗಳ ನಿಯಮಗಳು, 2017 ಜಾರಿಗೆ ಬಂದದ್ದು 2018ರ ಜನವರಿ 1ರಂದು. ಅಪಾಯದ ಮಟ್ಟಕ್ಕೆ ತಕ್ಕಂತೆ ಉಪಕರಣಗಳು ಎ, ಬಿ, ಸಿ, ಡಿ ಎಂಬ ನಾಲ್ಕು ವರ್ಗಗಳಲ್ಲಿ ಬರುತ್ತವೆ; ವೆಂಟಿಲೇಟರ್ ಸಿ ವರ್ಗಕ್ಕೆ, ಕೃತಕ ಹೃದಯ ಕವಾಟ ಡಿ ವರ್ಗಕ್ಕೆ ಸೇರುತ್ತವೆ. ಎ ಮತ್ತು ಬಿ ವರ್ಗದ ತಯಾರಿಕಾ ಪರವಾನಗಿಯನ್ನು ರಾಜ್ಯದ ಪ್ರಾಧಿಕಾರವೂ ಸಿ ಮತ್ತು ಡಿ ವರ್ಗದ್ದನ್ನು ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆಯಾದ ಸಿಡಿಎಸ್‌ಸಿಒ ನೀಡುತ್ತವೆ. ಇಲ್ಲಿ ನಿರ್ಣಾಯಕವಾದದ್ದು ‘ಉದ್ದೇಶಿತ ಬಳಕೆ’ ಎಂದು ನೀವು ಬರೆಯುವ ಆ ಎರಡು ಸಾಲು. ಹನಿ ಎಣಿಸಿ ಎಚ್ಚರಿಸುವ ಉಪಕರಣಕ್ಕೂ ಹನಿಯ ವೇಗವನ್ನು ತಾನೇ ನಿಯಂತ್ರಿಸುವ ಉಪಕರಣಕ್ಕೂ ಅಪಾಯ ಒಂದೇ ಅಲ್ಲ, ಹೀಗಾಗಿ ಪುರಾವೆಯ ಹೊರೆಯೂ ಒಂದೇ ಅಲ್ಲ. ಪರೀಕ್ಷೆಗೆಂದು ಕೆಲವೇ ಘಟಕಗಳನ್ನು ತಯಾರಿಸುವುದಕ್ಕೂ ಎಂಡಿ-12 ನಮೂನೆಯಲ್ಲಿ ಅರ್ಜಿ ಸಲ್ಲಿಸಿ ಎಂಡಿ-13 ಪರವಾನಗಿ ಪಡೆಯಬೇಕು. ರೋಗಿಗಳ ಮೇಲಿನ ಅಧ್ಯಯನಕ್ಕೆ ಆಸ್ಪತ್ರೆಯ ನೈತಿಕ ಸಮಿತಿಯ ಒಪ್ಪಿಗೆಯಿಲ್ಲದೆ ಒಂದು ಹೆಜ್ಜೆಯನ್ನೂ ಇಡಬೇಡಿ. ಗುಣಮಟ್ಟಕ್ಕೆ ಐಎಸ್‌ಒ 13485, ಅಪಾಯ ನಿರ್ವಹಣೆಗೆ ಐಎಸ್‌ಒ 14971, ಈ ಎರಡು ಅಂತರರಾಷ್ಟ್ರೀಯ ಮಾನದಂಡಗಳ ಕಡತಗಳನ್ನು ಮೊದಲ ಸರ್ಕ್ಯೂಟ್ ಬರೆದ ದಿನದಿಂದಲೇ ತೆರೆಯಿರಿ. ದಿನಾಂಕ ಹಾಕಿ ಬರೆದ ಸೋಲುಗಳೇ ಮುಂದೆ ಗುಣಮಟ್ಟ ಪರಿಶೀಲಿಸಲು ಬರುವವರ ಎದುರು ನಿಮ್ಮ ಪರ ಸಾಕ್ಷಿ ಹೇಳುತ್ತವೆ.

ಹಣಕ್ಕೆ, ಜೈವಿಕ ತಂತ್ರಜ್ಞಾನದ ಉದ್ಯಮಗಳಿಗೆ ನೆರವಾಗುವ ಕೇಂದ್ರ ಸರ್ಕಾರದ ಬೈರಾಕ್ ಸಂಸ್ಥೆಯ ಬಿಗ್ ಯೋಜನೆಯಲ್ಲಿ 18 ತಿಂಗಳಿಗೆ 50 ಲಕ್ಷ ರೂಪಾಯಿವರೆಗೆ ಅನುದಾನ ದೊರೆಯುತ್ತದೆ. ಕಚೇರಿ ಮತ್ತು ಮಾರ್ಗದರ್ಶನಕ್ಕೆ ಎಸ್‌ಜೆಸಿಇ-ಸ್ಟೆಪ್‌ನಂಥ ನವೋದ್ಯಮ ಪೋಷಣಾ ಕೇಂದ್ರ ಮೈಸೂರಿನಲ್ಲೇ ಇದೆ. ಮನೆ ಅಡವಿಟ್ಟು ಆರಂಭಿಸಬೇಡಿ. ಪರವಾನಗಿಯ ದಾರಿ ಉದ್ದ, ಮನೆಯವರ ನೆಮ್ಮದಿಯೂ ಅಷ್ಟು ದೂರ ಬಾಳಬೇಕು.

ಬಿಡಿಭಾಗಗಳ ವಿಷಯದಲ್ಲಿ ನಮ್ಮ ಊರಿನದೇ ಉದಾಹರಣೆ ಕಣ್ಣಮುಂದಿದೆ. 2020ರಲ್ಲಿ ಕೋವಿಡ್ ಹರಡಿದಾಗ ಮೈಸೂರಿನ ಸ್ಕ್ಯಾನ್‌ರೇ ಕಂಪನಿಯ ವಿನ್ಯಾಸದ ಆಧಾರದ ಮೇಲೆ 30,000 ವೆಂಟಿಲೇಟರ್‌ ತಯಾರಿಸುವ ಹೊಣೆ ಬೆಂಗಳೂರಿನ ಸಾರ್ವಜನಿಕ ರಂಗದ ಉದ್ದಿಮೆ ಬಿಇಎಲ್‌ಗೆ ಬಂತು. ಹೊರದೇಶದಿಂದ ಬರುತ್ತಿದ್ದ ಸಣ್ಣ ಕವಾಟದಂಥ ಭಾಗಗಳನ್ನೂ ಆಗ ಇಲ್ಲಿಯೇ ರೂಪಿಸಿಕೊಳ್ಳಬೇಕಾಯಿತು. ಪ್ರತಿ ಮುಖ್ಯ ಭಾಗಕ್ಕೂ ಎರಡನೆಯ ಪೂರೈಕೆದಾರರನ್ನು ಮೊದಲೇ ಗೊತ್ತುಮಾಡಿಕೊಳ್ಳಿ.

ಮಾರಾಟವಾದ ಮೂರು ತಿಂಗಳಿಗೆ, ಯಾರೂ ಕರೆಯದಿದ್ದರೂ, ಆ ವಾರ್ಡಿಗೆ ಹೋಗಿ. ಉಪಕರಣ ಮಂಚದ ಬಳಿ ಇದೆಯೋ ಬೀರುವಿನಲ್ಲಿದೆಯೋ, ಗುಂಡಿಯ ಮೇಲಿನ ಅಕ್ಷರ ಸವೆದಿದೆಯೋ, ಚಾರ್ಜರ್ ವಯರಿಗೆ ಯಾರಾದರೂ ಪ್ಲಾಸ್ಟರ್ ಸುತ್ತಿದ್ದಾರೆಯೋ ನೋಡಿ. ಪ್ಲಾಸ್ಟರ್ ಸುತ್ತಿದ್ದರೆ ಸಂತೋಷಪಡಿ, ಅದನ್ನು ಬಳಸುತ್ತಿದ್ದಾರೆ. ಹೊಸ ವಯರನ್ನು ಚೀಲದಲ್ಲಿ ಇಟ್ಟುಕೊಂಡೇ ಹೋಗಿರಿ.