ಸಿಂಬಳದ ಹುಳು: ಅದರ ಹೊಟ್ಟೆ ಕೆಡಿಸಿ ತರಕಾರಿ ಉಳಿಸುವುದು

ಕಲಬುರಗಿ, ಬೀದರ್ ಕಡೆ ಮಳೆ ಹಿಡಿದರೆ ಎಲೆಕೋಸು, ಪಾಲಕ್ ಮಡಿಗೆ ಸಿಂಬಳದ ಹುಳು, ಅಂದರೆ ಚಿಪ್ಪಿಲ್ಲದ ಬಸವನಹುಳು, ಬೀಳುತ್ತದೆ. ಎಲೆ ಮೇಲೆ ಒಣಗಿದ ಬೆಳ್ಳಿಗೆರೆ, ಅಡ್ಡಾದಿಡ್ಡಿ ತೂತು ಕಂಡರೆ ಅದೇ ಗುರುತು.

ಹುಳು ಕೆರೆದು ತಿಂದ ಎಲೆ ಅನ್ನಚೀಲಕ್ಕಿಳಿಯುತ್ತದೆ. ಜೀರ್ಣಗ್ರಂಥಿಯಿಂದ ಅಲ್ಲಿಗೆ ಬರುವ ಕಂದು ರಸದಲ್ಲಿ ನಾರು ಒಡೆಯುವ ಸೆಲ್ಯುಲೇಸ್, ಪಿಷ್ಟ ಒಡೆಯುವ ಅಮೈಲೇಸ್ ಇರುತ್ತವೆ. ಹುಳು ಕೊಲ್ಲಲು ಹಾಕುವ ಕಬ್ಬಿಣದ ಫಾಸ್ಫೇಟ್ ಗುಳಿಗೆ ಕೆಡಿಸುವುದು ಈ ಚೀಲ, ಗ್ರಂಥಿಗಳನ್ನೇ. ಮೇಯುವುದು ಬೇಗ ನಿಲ್ಲುತ್ತದೆ. ಸಾವು 3ರಿಂದ 6 ದಿನಕ್ಕೆ, ಅದೂ ಮಣ್ಣಿನ ಸಂದಿಯೊಳಗೆ. ಸತ್ತ ಹುಳು ಕಾಣಲಿಲ್ಲವೆಂದು ಮತ್ತೆ ಸುರಿಯಬೇಡಿ, ಹೊಸ ತೂತು ಬಿದ್ದಿದೆಯೇ ನೋಡಿ.

ಸಂಜೆ, ಮಣ್ಣು ತೇವವಿದ್ದಾಗ, ಚದರ ಮೀಟರಿಗೆ ಸುಮಾರು 5 ಗ್ರಾಂ ತೆಳುವಾಗಿ ಚೆದುರಿಸಿ. ಪೊಟ್ಟಣದ ಮೇಲೆ ಬೇರೆ ಪ್ರಮಾಣವಿದ್ದರೆ ಅದನ್ನೇ ಪಾಲಿಸಿ. ಗುಡ್ಡೆ ಹಾಕಿದರೆ ನಾಯಿ, ಕೋಳಿ ತಿಂದಾವು.

ಮೆಟಾಲ್ಡಿಹೈಡ್ ಎಂಬ ಇನ್ನೊಂದು ಹುಳುಮದ್ದಿನ ಕೆಲಸ ಬೇರೆ: ಲೋಳೆ ಸುರಿಸಿ ಹುಳುವನ್ನು ಒಣಗಿಸುತ್ತದೆ. ಹಿಂದೆಯೇ ಮಳೆ ಬಂದರೆ ಹುಳು ಚೇತರಿಸಿಕೊಳ್ಳುತ್ತದೆ. ನಾಯಿಗಂತೂ ಪ್ರಾಣಾಪಾಯ, ಮನೆ ಹಿತ್ತಿಲಿಗೆ ಬೇಡವೇ ಬೇಡ.

ಮಳೆ ಬಿಡುವು ಕೊಟ್ಟಾಗ ಎರೆಮಣ್ಣು ಬಿರಿಯುತ್ತದೆ, ಹುಳು ಅಲ್ಲೇ ಅಡಗುತ್ತದೆ. ಮೇಲ್ಮಣ್ಣು ಸಡಿಲಿಸಿ ಬಿರುಕು ಮುಚ್ಚಿ. ರಾತ್ರಿ ಒದ್ದೆ ಗೋಣಿಚೀಲ ಹಾಸಿ, ಬೆಳಗ್ಗೆ ಎತ್ತಿ, ಅಂಟಿದ್ದನ್ನು ಸಾಬೂನು ನೀರಿಗೆ ಹಾಕಿ. ಉಪ್ಪು ಎರಚಬೇಡಿ: ಎರೆಯಲ್ಲಿ ನೀರು ಬೇಗ ಬಸಿಯದು, ಉಪ್ಪು ಬೇರಿನ ಬಳಿಯೇ ಉಳಿದುಬಿಡುತ್ತದೆ.