ಟ್ಯೂಬ್ ಹೋಗದ ರಾತ್ರಿಗೆ ತಯಾರಿ: ಹಾಸನದ ಐಸಿಯುವಿನಲ್ಲಿ ನಾನು ಕಲಿಸುವ ಬಗೆ

ಹಾಸನದ ಒಂದು ಆಸ್ಪತ್ರೆಯಲ್ಲಿ ನಾನು ಅರಿವಳಿಕೆ ತಜ್ಞೆ. ಆಪರೇಷನ್ ಥಿಯೇಟರಿನ ಜೊತೆಗೆ ತೀವ್ರ ನಿಗಾ ಘಟಕವನ್ನೂ ನೋಡಿಕೊಳ್ಳುತ್ತೇನೆ. ಅಲ್ಲಿನ ಡ್ಯೂಟಿ ಡಾಕ್ಟರುಗಳಿಗೆ, ಸ್ಟಾಫ್ ನರ್ಸುಗಳಿಗೆ ಕಷ್ಟದ ಏರ್‌ವೇ (ಉಸಿರಿನ ದಾರಿ) ನಿಭಾಯಿಸುವುದನ್ನು ಕಲಿಸುವ ಕೆಲಸವನ್ನು ಯಾರೂ ನನಗೆ ವಹಿಸಿದ್ದಲ್ಲ, ಅಗತ್ಯವೆನಿಸಿ ಹಚ್ಚಿಕೊಂಡದ್ದು. ಇಷ್ಟು ಕಾಲ ಕಲಿಸಿದ ಮೇಲೆ ನನಗೆ ಒಂದು ಮಾತು ಖಚಿತವಾಗಿದೆ. ಉಸಿರಾಟಕ್ಕೆಂದು ಶ್ವಾಸನಾಳಕ್ಕೆ ಟ್ಯೂಬ್ ಹಾಕುವ ಕೈಚಳಕವನ್ನು ಯಾರು ಬೇಕಾದರೂ ಕಲಿಯುತ್ತಾರೆ. ‘ಟ್ಯೂಬ್ ಹೋಗುತ್ತಿಲ್ಲ’ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಕೈ ಹಿಂದೆ ತೆಗೆಯುವುದನ್ನು ಕಲಿಸುವುದೇ ಕಷ್ಟ, ಮತ್ತು ರೋಗಿ ಉಳಿಯುವುದು ಹೆಚ್ಚಾಗಿ ಅದರಿಂದಲೇ.

ಥಿಯೇಟರಿಗೆ ಬರುವ ರೋಗಿಯ ಹೊಟ್ಟೆ ಖಾಲಿ ಇರುತ್ತದೆ. ಹಿಂದಿನ ದಿನವೇ ಅವನ ಬಾಯಿ ತೆರೆಸಿ, ಕತ್ತು ಬಾಗಿಸಿ ನೋಡಿರುತ್ತೇವೆ. ಟ್ಯೂಬ್ ಹೋಗದಿದ್ದರೆ ರೋಗಿಯನ್ನು ಎಚ್ಚರಿಸಿ ಶಸ್ತ್ರಚಿಕಿತ್ಸೆಯನ್ನು ಮುಂದೂಡಬಹುದು. ಐಸಿಯುವಿನ ರೋಗಿಗೆ ಈ ಅನುಕೂಲ ಯಾವುದೂ ಇಲ್ಲ. ಶ್ವಾಸಕೋಶ ಆಗಲೇ ಸೋತಿರುತ್ತದೆ, ರಕ್ತದೊತ್ತಡ ಔಷಧಿಯ ಬಲದ ಮೇಲೆ ನಿಂತಿರುತ್ತದೆ. ನಿದ್ರೆಯ ಮದ್ದು ಕೊಟ್ಟು ಉಸಿರು ನಿಂತ ಮೇಲೆ ಆಮ್ಲಜನಕದ ಮಟ್ಟ ಕುಸಿಯಲು ಎಷ್ಟೋ ಸಲ ಒಂದು ನಿಮಿಷವೂ ಬೇಡ. 2021ರಲ್ಲಿ ಪ್ರಕಟವಾದ ‘ಇಂಟ್ಯೂಬ್’ ಅಧ್ಯಯನ 29 ದೇಶಗಳ ಸುಮಾರು ಮೂರು ಸಾವಿರ ಗಂಭೀರ ರೋಗಿಗಳನ್ನು ಗಮನಿಸಿತು. ಟ್ಯೂಬ್ ಹಾಕುವಾಗ ಅಥವಾ ಅದರ ಬೆನ್ನಿಗೇ ನೂರಕ್ಕೆ 45 ಮಂದಿಗೆ ಗಂಭೀರ ತೊಂದರೆ ಒಂದಾದರೂ ಆಗಿತ್ತು, ನೂರಕ್ಕೆ ಮೂವರ ಹೃದಯ ನಿಂತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಕಂಡದ್ದು ರಕ್ತದೊತ್ತಡದ ಕುಸಿತ. ಆದ್ದರಿಂದಲೇ ನಮ್ಮಲ್ಲಿ ರಕ್ತದೊತ್ತಡ ಏರಿಸುವ ನಾರ್‌ಅಡ್ರಿನಲಿನ್ ಪಂಪಿಗೆ ಜೋಡಿಸದೆ ನಿದ್ರೆಯ ಮದ್ದಿನ ಸಿರಿಂಜನ್ನು ಯಾರೂ ಕೈಗೆತ್ತಿಕೊಳ್ಳುವಂತಿಲ್ಲ.

ಇದರ ಮೇಲೆ ನಮ್ಮ ಸೀಮೆಯದೇ ಕಷ್ಟಗಳು. ಸಕಲೇಶಪುರ, ಆಲೂರು, ಬೇಲೂರಿನ ಕಡೆ ಕಾಳುಮೆಣಸಿನ ಕೊಯ್ಲು ಶುರುವಾದರೆ ಸಿಲ್ವರ್ ಓಕ್ ಮರದಿಂದ ಬಿದ್ದವರು ಬರುತ್ತಾರೆ: ಕೊರಳಿಗೆ ಪಟ್ಟಿ, ಬಾಯಿ ತುಂಬ ರಕ್ತ, ಕತ್ತು ಅಲುಗಿಸುವಂತಿಲ್ಲ. ಕೀಟನಾಶಕ ಕುಡಿದವರಿಗೆ ಎಷ್ಟು ಸಕ್ಷನ್ ಮಾಡಿದರೂ ಜೊಲ್ಲು ನಿಲ್ಲುವುದಿಲ್ಲ. ಆರ್ಗನೋಫಾಸ್ಫೇಟ್ ವಿಷವಾದರೆ, ಸ್ನಾಯು ಸಡಿಲಿಸುವ ಸಕ್ಸಿನೈಲ್‌ಕೋಲಿನ್ ಮದ್ದನ್ನು ಒಡೆಯಬೇಕಾದ ಕಿಣ್ವವನ್ನೇ ಅದು ಕಟ್ಟಿಹಾಕಿರುತ್ತದೆ. ಕೆಲವೇ ನಿಮಿಷ ಇರಬೇಕಾದ ಸ್ನಾಯುಗಳ ಸಡಿಲಿಕೆ ಗಂಟೆಗಟ್ಟಲೆ ಉಳಿದುಬಿಡಬಹುದು. ಅಂಥವರಿಗೆ ಬೇರೆ ಬಗೆಯ ಸಡಿಲಿಕೆ ಮದ್ದಾದ ರೋಕ್ಯುರೋನಿಯಂ ಎಂದು ಟ್ರಾಲಿಯ ಮೇಲೆಯೇ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದೇವೆ. ಇನ್ನು ವರ್ಷಗಟ್ಟಲೆ ಅಡಿಕೆ, ಗುಟ್ಕಾ ಜಗಿದವರು. ಅವರ ಕೆನ್ನೆಯ ಒಳಪದರ ನಾರುಗಟ್ಟಿ ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯುವುದಿಲ್ಲ. ನನಗೆ ಹೆಚ್ಚು ಭಯ ಇವರ ಬಗ್ಗೆಯೇ. ನ್ಯುಮೋನಿಯಾ ಎಂದು ದಾಖಲಾಗಿ ಮುಖದ ಮೇಲೆ ಮಾಸ್ಕ್ ಬಿಗಿದುಕೊಂಡು ಮಲಗಿರುತ್ತಾರೆ, ಬಾಯಿ ಎಷ್ಟು ತೆರೆಯುತ್ತದೆ ಎಂದು ಯಾರೂ ನೋಡಿರುವುದಿಲ್ಲ.

ಹಾಗಾಗಿ ತರಬೇತಿಯ ಮೊದಲ ಪಾಠ ಟ್ಯೂಬಿಗೆ ಸಂಬಂಧಿಸಿದ್ದೇ ಅಲ್ಲ. ಆಮ್ಲಜನಕದ ಮೇಲಿರುವ ಪ್ರತಿಯೊಬ್ಬ ರೋಗಿಯ ಬಾಯಿ, ಕತ್ತು, ದವಡೆಯನ್ನು ದಾಖಲಾದ ಪಾಳಿಯಲ್ಲೇ ನೋಡಿ, ಟ್ಯೂಬ್ ಹಾಕುವುದು ಎಷ್ಟು ಕಷ್ಟವಾದೀತು ಎಂದು ಅಂದಾಜಿಸುವ ಮಕೋಚಾ ಅಂಕ ಹಾಕಿ ಚಾರ್ಟಿನ ಮೇಲೆ ಬರೆಯುವುದು. ಒಟ್ಟು 12 ಅಂಕ, ಮೂರು ಅಥವಾ ಅದಕ್ಕಿಂತ ಹೆಚ್ಚಾದರೆ ಕಷ್ಟವಾಗಬಹುದು ಎಂದು ಲೆಕ್ಕ. ಆ ಪಟ್ಟಿಯಲ್ಲಿ ರೋಗಿಯ ಲಕ್ಷಣಗಳ ಜೊತೆಗೆ, ಟ್ಯೂಬ್ ಹಾಕುವವರು ಅರಿವಳಿಕೆಯವರಲ್ಲದಿದ್ದರೆ ಅದಕ್ಕೂ ಒಂದು ಅಂಕ ಇದೆ. ಕಷ್ಟದಲ್ಲಿ ನಮ್ಮ ಪಾಲೂ ಇರುತ್ತದೆ ಎಂದು ಅದು ಒಪ್ಪಿಕೊಳ್ಳುವುದರಿಂದ ನನಗೆ ಆ ಪಟ್ಟಿಯ ಮೇಲೆ ಗೌರವ.

ಕಾರ್ಯಾಗಾರಗಳ ಬಗ್ಗೆ ನನಗೆ ತಕರಾರಿಲ್ಲ. ಬೆಂಗಳೂರಿಗೆ ಹೋಗಿ ಬಂದ ಹುಡುಗರು ಬೊಂಬೆಯ ಮೇಲೆ ಚೆನ್ನಾಗಿಯೇ ಟ್ಯೂಬ್ ಹಾಕುತ್ತಾರೆ. ಆದರೆ ಬೊಂಬೆಯ ತುಟಿ ನೀಲಿಯಾಗುವುದಿಲ್ಲ, ಪಕ್ಕದ ಹಾಸಿಗೆಯ ಅಲಾರಂ ಹೊಡೆದುಕೊಳ್ಳುವುದಿಲ್ಲ, ಬಾಗಿಲಾಚೆ ಅಣ್ಣತಮ್ಮಂದಿರು ಕಾಯುತ್ತಿರುವುದಿಲ್ಲ. ಅದಕ್ಕೇ ನಮ್ಮ ಅಭ್ಯಾಸ ಐಸಿಯುವಿನ ಒಳಗೇ ನಡೆಯುತ್ತದೆ, ಖಾಲಿಯಿರುವ ಒಂದು ಹಾಸಿಗೆಯ ಮೇಲೆ, ನಮ್ಮದೇ ಟ್ರಾಲಿಯೊಂದಿಗೆ, ಪಾಳಿ ಬದಲಾಗುವ ಹೊತ್ತಿಗೆ. ಇಪ್ಪತ್ತು ನಿಮಿಷ ಸಾಕು. ಟ್ರಾಲಿಯ ಯಾವ ಖಾನೆಯಲ್ಲಿ ಬೂಜಿ (ಟ್ಯೂಬಿಗೆ ದಾರಿ ತೋರುವ, ಬಾಗುವ ಕಡ್ಡಿ) ಇದೆ, ಸಕ್ಷನ್ ಪೈಪು ತಲೆಯ ತನಕ ಎಟುಕುತ್ತದೆಯೇ, ಹಾಸಿಗೆಯ ತಲೆಭಾಗದ ಹಲಗೆ ಕಳಚಲು ಬರುತ್ತದೆಯೇ ಎಂಬುದೆಲ್ಲ ತಿಳಿಯುವುದು ಅಲ್ಲಿಯೇ.

ಹೊಸಬರು ಬಂದ ದಿನ ಒಂದು ನಿಜ ಘಟನೆ ಹೇಳುತ್ತೇನೆ. 2005ರಲ್ಲಿ ಇಂಗ್ಲೆಂಡಿನಲ್ಲಿ ಎಲೇನ್ ಬ್ರಾಮಿಲಿ ಎಂಬ ಇಬ್ಬರು ಮಕ್ಕಳ ತಾಯಿ ಸೈನಸ್ಸಿನ ಶಸ್ತ್ರಚಿಕಿತ್ಸೆಗೆಂದು ದಾಖಲಾದರು. ಅರಿವಳಿಕೆ ಕೊಟ್ಟ ಮೇಲೆ ಟ್ಯೂಬ್ ಹೋಗಲಿಲ್ಲ, ಉಸಿರು ಕೊಡಲೂ ಆಗಲಿಲ್ಲ. ಅಲ್ಲಿದ್ದವರು ಅನುಭವಸ್ಥ ವೈದ್ಯರೇ. ನರ್ಸ್ ಒಬ್ಬರು ಕುತ್ತಿಗೆಯ ಮೂಲಕ ದಾರಿ ಮಾಡುವ ಸಾಮಗ್ರಿಯನ್ನು ತಂದು, ಸಿದ್ಧವಿದೆ ಎಂದು ಹೇಳಿದರು. ವೈದ್ಯರು ಮಾತ್ರ ಟ್ಯೂಬ್ ಹಾಕುವ ಪ್ರಯತ್ನವನ್ನೇ ಮುಂದುವರಿಸಿದರು. ಆಕೆ ಉಳಿಯಲಿಲ್ಲ. ಆಕೆಯ ಗಂಡ ಮಾರ್ಟಿನ್ ಬ್ರಾಮಿಲಿ ವಿಮಾನದ ಪೈಲಟ್. ಯಾರನ್ನೂ ದೂಷಿಸದೆ, ಇದರಿಂದ ಎಲ್ಲ ವೈದ್ಯರೂ ಕಲಿಯಲಿ ಎಂದು ಆ ಘಟನೆಯನ್ನು ಲೋಕದ ಮುಂದಿಟ್ಟರು. ಇದನ್ನು ಹೇಳುವಾಗ ನಾನು ನರ್ಸುಗಳ ಮುಖವನ್ನೇ ನೋಡುತ್ತಿರುತ್ತೇನೆ. ಅವರಿಗೆ ಆ ನರ್ಸಿನ ಸ್ಥಿತಿ ತಕ್ಷಣ ಅರ್ಥವಾಗುತ್ತದೆ.

ನಮ್ಮ ಊರಿನಲ್ಲಿ ಡಾಕ್ಟರಿಗೆ ಎದುರು ಮಾತಾಡುವುದು ಸುಲಭವಲ್ಲ. ‘ಧೈರ್ಯವಾಗಿ ಹೇಳಿ’ ಎಂದು ಉಪದೇಶಿಸಿದರೆ ಯಾರಿಗೂ ಧೈರ್ಯ ಬರುವುದಿಲ್ಲ. ಹೇಳುವುದನ್ನೇ ಅವರ ಕೆಲಸವಾಗಿ ಮಾಡಬೇಕು. ನಮ್ಮಲ್ಲಿ ಟ್ಯೂಬ್ ಹಾಕುವಾಗ ಒಬ್ಬ ನರ್ಸಿಗೆ ಬೇರೆ ಯಾವ ಕೆಲಸವೂ ಇಲ್ಲ. ಮಾನಿಟರ್ ನೋಡುತ್ತ, ಆಮ್ಲಜನಕದ ಮಟ್ಟವನ್ನೂ ಪ್ರಯತ್ನದ ಸಂಖ್ಯೆಯನ್ನೂ ಗಟ್ಟಿಯಾಗಿ ಹೇಳುತ್ತಿರಬೇಕು. ‘ಡಾಕ್ಟರೇ, ಒಂದು ಮುಗಿಯಿತು. ತೊಂಬತ್ತಮೂರು. ಮಾಸ್ಕ್ ಹಿಡಿಯೋಣ.’ ನಾಲಿಗೆ ಎತ್ತಿಹಿಡಿಯುವ ಲ್ಯಾರಿಂಗೋಸ್ಕೋಪಿನ ಬ್ಲೇಡು ಬಾಯಿಗೆ ಹೋಗಿ ಹೊರಬಂದರೆ ಅದು ಒಂದು ಪ್ರಯತ್ನ, ‘ಸುಮ್ಮನೆ ನೋಡಿದೆ’ ಎಂಬ ಮಾತು ನಡೆಯುವುದಿಲ್ಲ. ಮೊದಲ ಪ್ರಯತ್ನ ಸೋತರೆ ನನಗೆ ಅಥವಾ ಆ ದಿನದ ತಜ್ಞರಿಗೆ ಫೋನ್ ಹೋಗಬೇಕು, ಅದಕ್ಕೆ ಡಾಕ್ಟರರ ಅಪ್ಪಣೆ ಬೇಕಿಲ್ಲ. ಬ್ರಿಟನ್ನಿನ ಡಿಫಿಕಲ್ಟ್ ಏರ್‌ವೇ ಸೊಸೈಟಿ ಮತ್ತು ಅದರ ಸಹಸಂಸ್ಥೆಗಳ 2018ರ ಐಸಿಯು ಮಾರ್ಗಸೂಚಿ ಹೆಚ್ಚೆಂದರೆ ಮೂರು ಪ್ರಯತ್ನ ಎನ್ನುತ್ತದೆ. ನಾವು ಡ್ಯೂಟಿ ಡಾಕ್ಟರಿಗೆ ಎರಡಕ್ಕೇ ನಿಲ್ಲಿಸಿದ್ದೇವೆ, ಮೂರನೆಯದು ಬಂದ ತಜ್ಞರದ್ದು. ಈ ನಿಯಮ ಬಂದಾಗ ಕೆಲವು ಹಿರಿಯ ವೈದ್ಯರಿಗೆ ಹಿಡಿಸಲಿಲ್ಲ, ನರ್ಸ್ ನನ್ನನ್ನು ಎಣಿಸುವುದೇ ಎಂದರು. ನಾನೇ ಟ್ಯೂಬ್ ಹಾಕುವಾಗ ಮೊದಲು ಎಣಿಸಿಕೊಂಡೆ. ಆಮೇಲೆ ಆ ಮಾತು ಕೇಳಿಬರಲಿಲ್ಲ.

ನಿದ್ರೆಯ ಮದ್ದಿಗೆ ಮೊದಲು ಆಮ್ಲಜನಕ ತುಂಬಿಸುವ ಹಂತವನ್ನು ಅವಸರದಲ್ಲಿ ಹಾರಿಸುವವರೇ ಹೆಚ್ಚು. ತಲೆಭಾಗ ಎತ್ತರಿಸಿ, ಬಿಗಿಯಾದ ಮಾಸ್ಕಿನಲ್ಲಿ ಕನಿಷ್ಠ ಮೂರು ನಿಮಿಷ. 2024ರ ಪ್ರಿಯಾಕ್ಸಿ ಅಧ್ಯಯನದಲ್ಲಿ ವೆಂಟಿಲೇಟರಿನ ಒತ್ತಡದೊಂದಿಗೆ ಮಾಸ್ಕ್ ಕೊಟ್ಟವರಲ್ಲಿ ನೂರಕ್ಕೆ ಸುಮಾರು 9 ಮಂದಿಗೆ ಆಮ್ಲಜನಕ ಕುಸಿದರೆ, ಬರೀ ಆಮ್ಲಜನಕದ ಮಾಸ್ಕ್ ಕೊಟ್ಟವರಲ್ಲಿ 18ಕ್ಕೂ ಹೆಚ್ಚು. ಆ ವೆಂಟಿಲೇಟರ್ ನಮ್ಮ ಪ್ರತಿ ಹಾಸಿಗೆಯ ಪಕ್ಕದಲ್ಲೇ ಇರುತ್ತದೆ, ಹೊಸದಾಗಿ ಒಂದು ಪೈಸೆ ಖರ್ಚು ಮಾಡಬೇಕಿಲ್ಲ. ಮೂಗಿನ ನಳಿಕೆಯಲ್ಲಿ ನಿಮಿಷಕ್ಕೆ 15 ಲೀಟರ್ ಆಮ್ಲಜನಕವನ್ನು ಟ್ಯೂಬ್ ಹಾಕುವಾಗಲೂ ಬಿಟ್ಟಿರುತ್ತೇವೆ.

ಹೊರಬರುವ ಉಸಿರಿನ ಇಂಗಾಲದ ಡೈಆಕ್ಸೈಡನ್ನು ಅಲೆಯಾಗಿ ತೋರಿಸುವ ಕ್ಯಾಪ್ನೋಗ್ರಾಫ್ ವಿಷಯದಲ್ಲಿ ಮಾತ್ರ ನಾನು ಯಾವ ರಾಜಿಗೂ ಒಪ್ಪುವುದಿಲ್ಲ. ಬ್ರಿಟನ್ನಿನಲ್ಲಿ 2011ರಲ್ಲಿ ಹೊರಬಂದ, ಏರ್‌ವೇ ಅನಾಹುತಗಳ ರಾಷ್ಟ್ರೀಯ ಸಮೀಕ್ಷೆಯಾದ ನ್ಯಾಪ್-4 ವರದಿಯನ್ನು ಓದಿದವರಿಗೆ ಕಾರಣ ಗೊತ್ತು. ಐಸಿಯುಗಳಲ್ಲಿ ಏರ್‌ವೇ ತೊಂದರೆಯಿಂದಾದ ಸಾವು ಮತ್ತು ಮೆದುಳಿನ ಹಾನಿಯ ಪ್ರಕರಣಗಳಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಕಡೆ ಈ ಉಪಕರಣ ಬಳಸದಿದ್ದುದೂ ಒಂದು ಕಾರಣವಾಗಿತ್ತು. ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದ ಸದ್ದು ಮೋಸ ಮಾಡುತ್ತದೆ, ಟ್ಯೂಬಿನೊಳಗೆ ಕಟ್ಟುವ ಹಬೆಯೂ ಮೋಸ ಮಾಡುತ್ತದೆ. ಪರದೆಯ ಮೇಲೆ ಇಂಗಾಲದ ಡೈಆಕ್ಸೈಡಿನ ಅಲೆ ಪ್ರತಿ ಉಸಿರಿಗೂ ಎದ್ದು, ನೆತ್ತಿಯಲ್ಲಿ ಮಟ್ಟಸವಾಗಿ ಸಾಗಿ, ಇಳಿಯಬೇಕು. ಗೆರೆ ಚಪ್ಪಟೆಯಾಗಿದ್ದರೆ ಟ್ಯೂಬ್ ಅನ್ನನಾಳದಲ್ಲಿದೆ ಎಂದೇ ತಿಳಿದು ತೆಗೆಯಬೇಕು. ‘ಹೃದಯ ನಿಂತಿದೆಯಲ್ಲ, ಅದಕ್ಕೇ ಅಲೆ ಬರುತ್ತಿಲ್ಲ’ ಎಂದು ಸಮಜಾಯಿಷಿ ಹೇಳುವವರಿದ್ದಾರೆ. ಎದೆ ಒತ್ತುತ್ತಿರುವಾಗ ಅಲೆ ತಗ್ಗಾಗಿಯಾದರೂ ಕಾಣಿಸುತ್ತದೆ. ಇದನ್ನು ನಮ್ಮ ವಾರ್ಡ್ ಸಹಾಯಕರೂ ಕಲಿತಿದ್ದಾರೆ.

ಕೊನೆಯ ದಾರಿ ಕುತ್ತಿಗೆಯ ಮುಂಭಾಗದಿಂದ. ಇದನ್ನು ಕಲಿಸಲು ದುಬಾರಿ ಬೊಂಬೆ ಬೇಡ. ಭಾನುವಾರ ಬೆಳಿಗ್ಗೆ ಮಟನ್ ಅಂಗಡಿಯಲ್ಲಿ ಮೊದಲೇ ಹೇಳಿಟ್ಟರೆ ಕುರಿಯ ಧ್ವನಿಪೆಟ್ಟಿಗೆಯನ್ನು ಶ್ವಾಸನಾಳದ ಸಮೇತ ಕತ್ತರಿಸದೆ ಎತ್ತಿಡುತ್ತಾರೆ. ಅದನ್ನು ಹಲಗೆಗೆ ಕಟ್ಟಿ, ಮೇಲೆ ಕೆಂಪು ಬಣ್ಣದ ನೀರಲ್ಲಿ ಅದ್ದಿದ ಸ್ಪಂಜು, ಅದರ ಮೇಲೆ ಕೋಳಿಯ ಚರ್ಮ ಹೊದಿಸುತ್ತೇವೆ. ಎಡಗೈಯ ಹೆಬ್ಬೆರಳು, ನಡುಬೆರಳಿನಿಂದ ಧ್ವನಿಪೆಟ್ಟಿಗೆಯನ್ನು ಅಲುಗದಂತೆ ಹಿಡಿದು ತೋರುಬೆರಳಿನಿಂದ ಅದರ ಮುಂಭಾಗದ ಎರಡು ಮೃದ್ವಸ್ಥಿಗಳ ನಡುವೆ ತೆಳುಪೊರೆಯಿರುವ ತಗ್ಗನ್ನು ಹುಡುಕಬೇಕು. 10ನೇ ನಂಬರಿನ ಶಸ್ತ್ರಚಿಕಿತ್ಸೆಯ ಬ್ಲೇಡಿನಿಂದ ಅಡ್ಡಲಾಗಿ ಒಂದೇ ಚುಚ್ಚು. ಪೊರೆ ಬಿಟ್ಟುಕೊಟ್ಟದ್ದು ಕೈಗೆ ತಿಳಿಯುತ್ತದೆ. ಬ್ಲೇಡನ್ನು ಹೊರತೆಗೆಯದೆ, ಹರಿತವಾದ ಅಂಚು ಕಾಲಿನ ಕಡೆಗೆ ಬರುವಂತೆ ತಿರುಗಿಸಿ, ಅದರ ಮಗ್ಗುಲಿನಿಂದ ಬೂಜಿ ಇಳಿಸಿ, ಬೂಜಿಯ ಮೇಲೆ 6ನೇ ನಂಬರಿನ ಟ್ಯೂಬ್ ಜಾರಿಸಬೇಕು. ಮೊದಲ ಸಲ ಬಹುತೇಕರ ಬೂಜಿ ಚರ್ಮದಡಿಯಲ್ಲೇ ಪಕ್ಕಕ್ಕೆ ಹೋಗುತ್ತದೆ, ಏಕೆಂದರೆ ಕೆಂಪು ನೀರು ಕಂಡ ಕೂಡಲೇ ಬ್ಲೇಡನ್ನು ಹೊರಗೆಳೆದಿರುತ್ತಾರೆ. ಕುತ್ತಿಗೆ ದಪ್ಪಗಿದ್ದು ತಗ್ಗು ಬೆರಳಿಗೆ ಸಿಗದಿದ್ದರೆ ನಡುಮಧ್ಯೆ 8ರಿಂದ 10 ಸೆಂಟಿಮೀಟರ್ ಉದ್ದಕ್ಕೆ ಸೀಳಿ ಬೆರಳಿನಿಂದಲೇ ಹುಡುಕಬೇಕು. ಕಣ್ಣಿಗೆ ಏನೂ ಕಾಣುವುದಿಲ್ಲ, ಬೆರಳನ್ನೇ ನಂಬಬೇಕು. ಇಲ್ಲಿ ಕೈಗಿಂತ ಮನಸ್ಸು ತಡಮಾಡುತ್ತದೆ. ಅದಕ್ಕೇ ಚಾಕು ಎತ್ತುವ ಮುನ್ನ ‘ಟ್ಯೂಬ್ ಹೋಗುತ್ತಿಲ್ಲ, ಉಸಿರು ಕೊಡಲಾಗುತ್ತಿಲ್ಲ, ಕುತ್ತಿಗೆಯಿಂದ ಹೋಗುತ್ತೇನೆ’ ಎಂಬ ಮೂರು ಮಾತುಗಳನ್ನು ಜೋರಾಗಿ ಹೇಳಿಸುತ್ತೇವೆ, ಪ್ರತಿ ಸಲವೂ.

ಮಳೆಗಾಲದ ಒಂದು ರಾತ್ರಿ ಕೀಟನಾಶಕ ಕುಡಿದ ರೈತರೊಬ್ಬರು ಬಂದರು. ಡ್ಯೂಟಿಯಲ್ಲಿದ್ದವನು ಎಂಬಿಬಿಎಸ್ ಮುಗಿಸಿ ಸೇರಿದ್ದ ಹುಡುಗ. ಗಂಟಲೊಳಗನ್ನು ಪರದೆಯ ಮೇಲೆ ತೋರಿಸುವ ವಿಡಿಯೋ ಲ್ಯಾರಿಂಗೋಸ್ಕೋಪಿನ ಕಣ್ಣಿಗೆ ಜೊಲ್ಲು ಮೆತ್ತಿಕೊಂಡು ಏನೂ ಕಾಣಲಿಲ್ಲ. ಎರಡನೆಯದನ್ನು ಮಾಮೂಲಿ ಬ್ಲೇಡಿನಿಂದ ಮಾಡಿದ, ಶ್ವಾಸನಾಳದ ಬಾಯಿಗೆ ಮುಚ್ಚಳದಂತಿರುವ ಎಪಿಗ್ಲಾಟಿಸ್ ಬಿಟ್ಟರೆ ಬೇರೇನೂ ಕಾಣಲಿಲ್ಲ. ಸಿಸ್ಟರ್ ‘ಡಾಕ್ಟರೇ, ಎರಡು ಮುಗಿಯಿತು, ಎಂಬತ್ತೊಂಬತ್ತು’ ಎಂದರು. ಅವನು ‘ಹೋಗುತ್ತಿಲ್ಲ, ಐ-ಜೆಲ್ ಕೊಡಿ’ ಎಂದ. ಅದು ಗಂಟಲಲ್ಲೇ ಕೂತು ಉಸಿರು ಕೊಡಲು ನೆರವಾಗುವ ಸಾಧನ. ನಾನು ಮನೆಯಿಂದ ಬಂದು ಬಾಗಿಲು ತೆರೆದಾಗ ಪರದೆಯ ಮೇಲೆ ಅಲೆಗಳು ಸಾಲಾಗಿ ಏಳುತ್ತಿದ್ದವು, ಆಮ್ಲಜನಕ 96. ಐ-ಜೆಲ್ಲಿನ ಪಕ್ಕದ ರಂಧ್ರದಿಂದ ಹೊಟ್ಟೆಗೆ ನಳಿಕೆ ಇಳಿಸಿ ಸಕ್ಷನ್ ಕೂಡ ಮಾಡಿದ್ದರು. ಅದರೊಳಗಿಂದಲೇ ಫೈಬರ್ ಸ್ಕೋಪ್ (ಒಳಗನ್ನು ತೋರಿಸುವ ತೆಳ್ಳನೆಯ, ಬಾಗುವ ನಳಿಕೆ) ಬಳಸಿ ನಾನು ಟ್ಯೂಬ್ ಇಳಿಸಿದೆ. ಬೆಳಿಗ್ಗೆ ಆ ಹುಡುಗ, ‘ಮೇಡಂ, ನನಗೆ ಆಗಲಿಲ್ಲ’ ಎಂದು ತಲೆತಗ್ಗಿಸಿದ. ಆ ರಾತ್ರಿ ಅವನು ಮಾಡಿದ್ದಕ್ಕಿಂತ ಒಳ್ಳೆಯ ಕೆಲಸವನ್ನು ನಾನು ಯಾವ ಡ್ಯೂಟಿ ಡಾಕ್ಟರಿಂದಲೂ ನಿರೀಕ್ಷಿಸುವುದಿಲ್ಲ ಎಂದು ಎಲ್ಲರೆದುರು ಹೇಳಿದೆ. ಆ ರೈತರು ನಡೆದುಕೊಂಡೇ ಮನೆಗೆ ಹೋದರು.

ಟ್ಯೂಬ್ ಹೋದ ಮಾತ್ರಕ್ಕೆ ಅಪಾಯ ಮುಗಿಯುವುದಿಲ್ಲ. ಮಗ್ಗುಲು ಬದಲಾಯಿಸುವಾಗ, ಸ್ಕ್ಯಾನಿಗೆ ಒಯ್ಯುವಾಗ ಟ್ಯೂಬೋ, ಕುತ್ತಿಗೆಯ ರಂಧ್ರದಲ್ಲಿರುವ ಟ್ರಕಿಯಾಸ್ಟಮಿ ನಳಿಕೆಯೋ ಕಳಚುತ್ತದೆ. ನಮ್ಮಿಂದ ಮಂಗಳೂರಿಗೆ ಕಳುಹಿಸಿದರೆ ಶಿರಾಡಿ ಘಾಟಿಯ ತಿರುವುಗಳನ್ನು ದಾಟಬೇಕು. ಹೊರಡುವ ಮುನ್ನ ಹಲ್ಲಿನ ಬಳಿ ಟ್ಯೂಬಿನ ಸೆಂಟಿಮೀಟರ್ ಗುರುತನ್ನು ಕಾಗದದ ಮೇಲೆ ಬರೆದು ಜೊತೆಗೆ ಹೋಗುವ ನರ್ಸಿನ ಕೈಗೆ ಕೊಡುತ್ತೇವೆ. ಆಂಬುಲೆನ್ಸಿನಲ್ಲಿ ಕ್ಯಾಪ್ನೋಗ್ರಾಫ್ ಇರಲೇಬೇಕು. ಅನುಮಾನ ಬಂದರೆ ಗಾಡಿ ನಿಲ್ಲಿಸಲು ಚಾಲಕರಿಗೂ ಹೇಳಿಕೊಟ್ಟಿದ್ದೇವೆ.

ಟ್ಯೂಬ್ ಹಾಕಲು ಕಷ್ಟವಾದವರಿಗೆ ಬಿಡುಗಡೆಯ ದಿನ ಕನ್ನಡದಲ್ಲಿ ಒಂದು ಕಾರ್ಡ್ ಕೊಡುತ್ತೇವೆ. ಬಾಯಿ ಎಷ್ಟು ತೆರೆಯುತ್ತದೆ, ಯಾವ ಉಪಕರಣದಿಂದ ಆಗಲಿಲ್ಲ, ಯಾವುದರಿಂದ ಆಯಿತು ಎಂದು ಅದರಲ್ಲಿರುತ್ತದೆ. ಆಧಾರ್ ಕಾರ್ಡಿನ ಜೊತೆ ಇಟ್ಟುಕೊಂಡು ಮುಂದೆ ಯಾವ ಆಸ್ಪತ್ರೆಗೆ ಹೋದರೂ ತೋರಿಸಿ ಎಂದು ಮನೆಯವರಿಗೆ ತಿಳಿಸುತ್ತೇವೆ.

ತಾಲ್ಲೂಕು ಆಸ್ಪತ್ರೆಗಳ ಕೆಲವು ಗೆಳೆಯರು, ಎಲ್ಲಿಂದ ಶುರುಮಾಡುವುದು, ಮೊದಲು ಏನು ಕೊಳ್ಳುವುದು ಎಂದು ಕೇಳುತ್ತಾರೆ. ವಿಡಿಯೋ ಲ್ಯಾರಿಂಗೋಸ್ಕೋಪ್ ಖಂಡಿತ ಬೇಕು. 2023ರ ಡಿವೈಸ್ ಅಧ್ಯಯನದಲ್ಲಿ ಅದರಿಂದ ಮೊದಲ ಪ್ರಯತ್ನದಲ್ಲೇ ಗೆದ್ದದ್ದು ನೂರಕ್ಕೆ 85, ಮಾಮೂಲಿ ಬ್ಲೇಡಿನಿಂದ 71. ಆದರೆ ಒಂದಕ್ಕೇ ಹಣವಿದ್ದರೆ ಕ್ಯಾಪ್ನೋಗ್ರಾಫ್ ತೆಗೆದುಕೊಳ್ಳಿ. ಉಸಿರಿನ ಮಾದರಿಯನ್ನು ಅದಕ್ಕೆ ಒಯ್ಯುವ ಸಣ್ಣ ಸ್ಯಾಂಪಲ್ ಲೈನುಗಳನ್ನು ಹೆಚ್ಚಾಗಿಯೇ ತರಿಸಿಡಿ, ತೇವ ಸೇರಿ ಬೇಗ ಕಟ್ಟಿಕೊಳ್ಳುತ್ತವೆ. ನಿಮ್ಮ ಪಾಳಿ ಬದಲಾಗುವ ಹೊತ್ತು ತಿಳಿಸಿದರೆ ಮೊದಲ ಅಭ್ಯಾಸಕ್ಕೆ ನಾನೇ ಬರುತ್ತೇನೆ, ಕುರಿಯ ಶ್ವಾಸನಾಳವನ್ನೂ ತರುತ್ತೇನೆ.