ಎಡಕ್ಕೆ ಪೇಪರು, ಬಲಕ್ಕೆ ನಾನು: ಸುದ್ದಿಯ ಕಿರ್ದಿ ಬರೆಯೋದು ಹೇಗೆ

ನಮ್ಮಪ್ಪ ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ವರ್ಷದ ಲೆಕ್ಕ ಮುಗಿದ ಮೇಲೆ ಕಿರ್ದಿ ಪುಸ್ತಕದ ಕೊನೆಯಲ್ಲಿ ಇಪ್ಪತ್ತು ಮೂವತ್ತು ಹಾಳೆ ಖಾಲಿ ಉಳಿದಿದ್ದರೆ ಸಾಹುಕಾರರನ್ನು ಕೇಳಿ ಬಿಚ್ಚಿಕೊಂಡು ಬರುತ್ತಿದ್ದರು. ಎಡಗಡೆ ಜಮಾ, ಬಲಗಡೆ ಖರ್ಚು ಅಂತ ಅಚ್ಚಾದ ಹಾಳೆಗಳು. ಹದಿನೈದು ವರ್ಷದ ಹುಡುಗಿಗೆ ಜಮಾ ಎಲ್ಲಿಂದ ಬರಬೇಕು? ಎಡಕ್ಕೆ ಪೇಪರಿನಿಂದ ಕತ್ತರಿಸಿದ ಸುದ್ದಿ ಅಂಟಿಸಿದೆ. ಬಲಕ್ಕೆ, ಅದನ್ನು ಓದಿ ನನಗೇನನ್ನಿಸಿತೋ ಅದನ್ನು ಬರೆದೆ. ಮೂವತ್ತು ವರ್ಷದಿಂದ ಅದೇ ನಡೆದುಕೊಂಡು ಬಂದಿದೆ. ಈಗ ಒಂಬತ್ತನೇ ಪುಸ್ತಕ.

ಈಗ ನನ್ನದೊಂದು ಜೆರಾಕ್ಸ್ ಅಂಗಡಿಯಿದೆ. ಪಹಣಿ, ಆಧಾರ್, ಜಾತಿ ಪ್ರಮಾಣಪತ್ರ ಅಂತ ಜನ ಬಂದು ನಿಂತಾಗ ಕೌಂಟರಿನ ಮೇಲೆ ಈ ಪುಸ್ತಕ ಬಿದ್ದಿರುತ್ತದೆ. ಕಾಲೇಜು ಹುಡುಗರು ಪುಟ ತಿರುಗಿಸಿ, "ಅಕ್ಕಾ, ನಾವೂ ಮಾಡ್ಬೇಕು, ಹೇಗೆ ಶುರು ಮಾಡೋದು?" ಅಂತಾರೆ. ಕರೆಂಟು ಹೋಗಿದ್ದರೆ ಹೇಳುತ್ತೇನೆ. ಕರೆಂಟು ಇದ್ದಾಗ ಹೇಳಲು ಪುರುಸೊತ್ತಿರುವುದಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪುಸ್ತಕ. ತಂತಿ ಸುರುಳಿಯದು ಬೇಡ, ಅಂಟಿಸಿ ಅಂಟಿಸಿ ಉಬ್ಬಿದ ಮೇಲೆ ಹಾಳೆ ಕಿತ್ತು ಬರುತ್ತದೆ. ಹೊಲಿಗೆ ಹಾಕಿದ ಲೆಡ್ಜರ್ ತಗೊಳ್ಳಿ. ಐದಾರು ಹಾಳೆಗೊಂದರಂತೆ ಬುಡದಲ್ಲಿ ಎರಡು ಬೆರಳು ಬಿಟ್ಟು ಕತ್ತರಿಸಿಬಿಡಿ. ಪುಸ್ತಕ ದಪ್ಪಗಾದಾಗ ಆ ಜಾಗ ಕೈ ಹಿಡಿಯುತ್ತದೆ. ಅಂಟಿಗೆ ಮೈದಾ ಸಾಕು. ಎರಡು ಚಮಚ ಮೈದಾವನ್ನು ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ಒಂದು ಲೋಟ ನೀರು ಹಾಕಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುಗಿಸಿ. ಬಿಳಿ ಹೋಗಿ ಗಂಜಿಯ ಹಾಗೆ ಹೊಳೆಯುವಾಗ ಇಳಿಸಿ. ಬೈಂಡಿಂಗ್‌ನವರು ಹುಳ ಹಿಡಿಯದಿರಲಿ ಅಂತ ಚಿಟಿಕೆ ಮೈಲುತುತ್ತ ಸೇರಿಸುತ್ತಾರೆ. ಅದು ವಿಷ. ಮಕ್ಕಳಿರುವ ಮನೆಯಲ್ಲಿ ಬೇಡ. ಅಂಟನ್ನು ಯಾವತ್ತೂ ಪುಸ್ತಕದ ಹಾಳೆಗೆ ಸವರಿ, ಕಟಿಂಗಿಗೆ ಸವರಬೇಡಿ. ನ್ಯೂಸ್‌ಪ್ರಿಂಟ್ ಒದ್ದೆಯಾದರೆ ಹಿಗ್ಗಿ ಸುಕ್ಕಾಗುತ್ತದೆ.

ನನ್ನ ಕಸುಬಿನ ಮಾತೊಂದು. ಮುಖ್ಯ ಅನ್ನಿಸಿದ ಸುದ್ದಿಯನ್ನು ಜೆರಾಕ್ಸ್ ಮಾಡಿಸಿ ಅಂಟಿಸಿ. ನ್ಯೂಸ್‌ಪ್ರಿಂಟನ್ನು ಮರದ ತಿರುಳನ್ನು ಹಾಗೇ ಅರೆದು ಮಾಡುತ್ತಾರೆ, ಅದರಲ್ಲಿರುವ ಲಿಗ್ನಿನ್ ಎಂಬ ಮರದ ಅಂಶ ಬೆಳಕು ಗಾಳಿಗೆ ಹಳದಿಯಾಗುತ್ತದೆ, ಆಮೇಲೆ ಕಾಗದ ಹಪ್ಪಳದ ಹಾಗೆ ಮುರಿಯುತ್ತದೆ. ಜೆರಾಕ್ಸಿನ ಕಪ್ಪು ಇಂಕಲ್ಲ, ಕಾಗದದ ಮೇಲೆ ಕರಗಿ ಕೂತ ಪ್ಲಾಸ್ಟಿಕ್ ಪುಡಿ, ಅದು ಮಾಸುವುದಿಲ್ಲ. ಆದರೆ ಅದನ್ನು ಪ್ಲಾಸ್ಟಿಕ್ ಕವರಿನೊಳಗೆ ಹಾಕಬೇಡಿ, ಅಕ್ಷರವೆಲ್ಲ ಕವರಿಗೆ ಅಂಟಿಕೊಂಡು ಬರುತ್ತದೆ. ಅಂಗಡಿಗೆ ಬಂದವರ ಎಷ್ಟು ಮಾರ್ಕ್ಸ್ ಕಾರ್ಡುಗಳ ನಕಲು ಹೀಗೆ ಹಾಳಾಗಿದ್ದನ್ನು ನೋಡಿದ್ದೇನೋ!

ಏನನ್ನು ಅಂಟಿಸಬೇಕು? ನಾನು ಮೂರೇ ಬಗೆ ಇಟ್ಟುಕೊಂಡಿದ್ದೇನೆ: ವಿಚಿತ್ರ ಸುದ್ದಿ, ಯಾರೂ ಬಿಡಿಸದ ಒಗಟು, ಆಟ. ಈ ಮೂರರಲ್ಲೂ ಇವತ್ತು ನಾವಾಡಿದ ಮಾತು ಎಂದಾದರೂ ಒಂದು ದಿನ ಪರೀಕ್ಷೆಗೆ ಕೂರುತ್ತದೆ. ರಾಜಕೀಯ ಅಂಟಿಸಿದರೆ ಮೈದಾ ಸಾಲುವುದಿಲ್ಲ. ವಾಟ್ಸಾಪಿನಲ್ಲಿ ಬಂದದ್ದಕ್ಕೂ ಈ ಪುಸ್ತಕದಲ್ಲಿ ಜಾಗವಿಲ್ಲ. ತಾರೀಖು ಇಲ್ಲದ, ಊರು ಇಲ್ಲದ ಸುದ್ದಿಯನ್ನು ಎಡಕ್ಕೆ ಅಂಟಿಸಿ ಬಲಕ್ಕೆ ಏನಂತ ಬರೆಯೋದು?

ಇನ್ನು ಬಲಗಡೆಯ ಪುಟ. ಅವತ್ತೇ ರಾತ್ರಿ, ಟಿವಿಯಲ್ಲಿ ನಾಲ್ಕು ಜನ ಕೂತು ಕೂಗಾಡುವ ಮೊದಲೇ ಬರೆಯಬೇಕು. ತಾರೀಖು, ಹೊತ್ತು ಹಾಕಬೇಕು. ಬರೆದದ್ದನ್ನು ಅಳಿಸಬಾರದು, ವೈಟ್ನರ್ ಹಚ್ಚಬಾರದು. ಕಿರ್ದಿಯಲ್ಲಿ ತಪ್ಪಾದರೆ ಅಪ್ಪ ಅದರ ಮೇಲೆ ಒಂದೇ ಗೆರೆ ಎಳೆದು, ಕೆಳಗಿನ ಅಂಕಿ ಕಾಣುವ ಹಾಗೆ ಬಿಟ್ಟು, ಪಕ್ಕದಲ್ಲಿ ಸರಿಯಾದ್ದನ್ನು ಬರೆದು ಸಹಿ ಹಾಕುತ್ತಿದ್ದರು. ಇಲ್ಲೂ ಅದೇ ಕಾನೂನು. ಆಮೇಲೆ ಸೇರಿಸುವುದಕ್ಕೆ ಬೇರೆ ಬಣ್ಣದ ಪೆನ್ನು. ನನ್ನದು ಕೆಂಪು. ಒಮ್ಮೆ ಹಸಿರು ಬಳಸಿದ್ದೆ. ಅಂಗಡಿಗೆ ಬಂದ ಮೇಷ್ಟರೊಬ್ಬರು, "ಏನಮ್ಮಾ, ಗೆಜೆಟೆಡ್ ಆಫೀಸರ್ ಆಗ್ಬಿಟ್ಯಾ?" ಅಂತ ನಕ್ಕರು.

ನನ್ನ ಮೊದಲ ಪುಟವನ್ನೇ ನೋಡಿ. 1995ರ ಸೆಪ್ಟೆಂಬರ್ 21, ಗುರುವಾರ. ದೇಶಕ್ಕೆ ದೇಶವೇ ಗಣಪತಿಗೆ ಹಾಲು ಕುಡಿಸಿದ ದಿನ. ನಮ್ಮ ಬೀದಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ಹಾಲೇ ಸಿಗಲಿಲ್ಲ. ಅಮ್ಮ ದೇವರ ಮನೆಯ ಹಿತ್ತಾಳೆ ಗಣಪನ ಸೊಂಡಿಲಿಗೆ ಚಮಚ ಮುಟ್ಟಿಸಿ ಹಿಡಿದರು, ಹಾಲು ನಿಧಾನವಾಗಿ ಇಳಿಯಿತು. ನಾನು ಬಲಪುಟದಲ್ಲಿ ಬರೆದದ್ದು ಇಷ್ಟು: "ನಮ್ಮನೆ ಗಣಪನೂ ಕುಡಿದ. ಅರ್ಧ ಚಮಚ. ನಾನೇ ನೋಡಿದೆ." ಮರುದಿನದ ಪೇಪರಿನಲ್ಲಿ ವಿಜ್ಞಾನಿಗಳ ಮಾತೂ ಬಂದಿತ್ತು. ಹಾಲಿಗೆ ಬಣ್ಣ ಬೆರೆಸಿ ಹಿಡಿದು, ಅದು ಮೂರ್ತಿಯ ಮೈಮೇಲೆ ತೆಳುವಾಗಿ ಹರಿದು ಇಳಿಯುವುದನ್ನು ತೋರಿಸಿದ್ದರು. ಮೇಲ್ಮೈ ಎಳೆತದ ಆಟ. ನಾನು ಸಿಟ್ಟಿನಿಂದ ಅದನ್ನು ಅಂಟಿಸಲೇ ಇಲ್ಲ.

ಮೂರು ವರ್ಷದ ನಂತರ ಪಿಯುಸಿ ಮುಗಿಸಿ ಆ ಪುಟ ಓದಿದಾಗ ಥಟ್ಟನೆ ನೆನಪಾಯಿತು: ಗಣಪನ ಪೀಠದ ಕೆಳಗೆ ಹಾಸಿದ್ದ ಕೆಂಪು ಬಟ್ಟೆಯನ್ನು ಅಮ್ಮ ಸಂಜೆ ಹಿತ್ತಲಲ್ಲಿ ಹಿಂಡಿದ್ದರು. ಹಿಂಡಿದ ನೀರು ಬೆಳ್ಳಗಿತ್ತು. ಅದನ್ನೂ ನಾನೇ ನೋಡಿದ್ದೆ. ಬರೆದಿರಲಿಲ್ಲ. ಕೆಂಪು ಇಂಕಿನ ಮೊದಲ ಸಾಲು ಅದೇ: "ಬಟ್ಟೆ ಒದ್ದೆಯಾಗಿತ್ತು."

ಅಂದಿನಿಂದ ಬಲಪುಟದ ನಡುವೆ ಅಡ್ಡಗೆರೆ ಎಳೆಯುತ್ತೇನೆ. ಗೆರೆಯ ಮೇಲೆ ಕಣ್ಣಿಗೆ ಕಂಡದ್ದು, ಗೆರೆಯ ಕೆಳಗೆ ಮನಸ್ಸಿಗೆ ಬಂದದ್ದು. ಬೇರೇನು ಬಿಟ್ಟರೂ ಈ ಗೆರೆ ಬಿಡಬೇಡಿ.

ಅಂಕಿ ಇರುವ ಸುದ್ದಿ ಬಂದರೆ ಕ್ಯಾಲ್ಕುಲೇಟರ್ ತೆಗೆಯಿರಿ. 2020ರ ಫೆಬ್ರವರಿಯಲ್ಲಿ ಕಂಬಳದ ಶ್ರೀನಿವಾಸ ಗೌಡರ ಸುದ್ದಿ ಬಂತಲ್ಲ, ಐಕಳದ ಕಂಬಳದಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು ಅಂತ. ನೂರು ಮೀಟರಿಗೆ ಲೆಕ್ಕ ಹಾಕಿದರೆ ಸುಮಾರು 9.56, ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಓಡಿದ್ದು 9.58. ನನ್ನ ಗೆರೆಯ ಕೆಳಗಿನ ಮೊದಲ ಮಾತು: "ಬೋಲ್ಟಪ್ಪಾ, ಮನೆಗೆ ಹೋಗು." ಆಮೇಲೆ ಕೌಂಟರ್ ಮೇಲೇ ತ್ರೈರಾಶಿ ಹಾಕಿದೆ. ಲೆಕ್ಕ ಸರಿಯಿತ್ತು. ಆದರೆ ತ್ರೈರಾಶಿ ಅನ್ನುವುದು ಮೂರು ಕೆಜಿ ಅಕ್ಕಿಗೆ ಇಷ್ಟಾದರೆ ಐದು ಕೆಜಿಗೆ ಎಷ್ಟು ಅನ್ನೋದಕ್ಕೆ ಸರಿ. ಓಟದಲ್ಲಿ ಮೊದಲ ಹತ್ತು ಮೀಟರ್ ಬೇರೆ, ಕೊನೆಯ ಹತ್ತು ಬೇರೆ. ಬೋಲ್ಟ್ ನಿಂತಲ್ಲಿಂದ ತಾನೇ ವೇಗ ಹುಟ್ಟಿಸಿಕೊಳ್ಳಬೇಕು. ಕಂಬಳದಲ್ಲಿ ಮುಂದೆ ಎರಡು ಕೋಣಗಳಿರುತ್ತವೆ, ಓಡಿಸುವವನು ಅವುಗಳ ಜೊತೆಗೆ ಓಡುತ್ತಾನೆ. ಹಾಗಂತ ಕೆಸರಿನಲ್ಲಿ ಕೋಣದ ಓಟಕ್ಕೆ ಹೆಜ್ಜೆ ಕೂಡಿಸುವುದು ಸಣ್ಣ ಕೆಲಸವೇ? ಅದೇ ತಿಂಗಳು ವೇಣೂರಿನಲ್ಲಿ ನಿಶಾಂತ್ ಶೆಟ್ಟಿ 143 ಮೀಟರನ್ನು 13.61ರಲ್ಲಿ ಮುಗಿಸಿದರು ಅಂತ ಬಂತು. ಒಂದು ಕಡೆಯ ಕರೆ, ಅಂದರೆ ಕೋಣ ಓಡುವ ಕೆಸರುಗದ್ದೆ, 142.5, ಇನ್ನೊಂದು 143. ಕಂಬಳದ ಕರೆ ಎಲ್ಲಾ ಕಡೆ ಒಂದೇ ಅಳತೆಯಲ್ಲ ಅನ್ನುವುದು ನನಗೆ ಗೊತ್ತಾದದ್ದು ಆ ಎರಡು ಕಟಿಂಗುಗಳನ್ನು ಪಕ್ಕಪಕ್ಕ ಅಂಟಿಸಿದಾಗ.

ಕೇಂದ್ರದ ಕ್ರೀಡಾ ಸಚಿವರು ಗೌಡರನ್ನು ಟ್ರಯಲ್ಸ್‌ಗೆ ಕರೆಸುತ್ತೇವೆ ಅಂದರು. ಗೌಡರು ಮಾತ್ರ, ಬೋಲ್ಟ್ ವಿಶ್ವ ಚಾಂಪಿಯನ್, ನಾನು ಕೆಸರುಗದ್ದೆಯಲ್ಲಿ ಓಡುವವನು ಅನ್ನುವ ಅರ್ಥದಲ್ಲಿ ಹೇಳಿ ಸುಮ್ಮನಾದರು. ಇಡೀ ಸುದ್ದಿಯಲ್ಲಿ ಗೆರೆಯ ಮೇಲೆ ಬರೆಯುವಂಥ ಮಾತಾಡಿದವರು ಅವರೊಬ್ಬರೇ ಅಂತ ನನ್ನ ಕೆಂಪು ಸಾಲು ಹೇಳುತ್ತದೆ.

ಆಟದ ಪುಟಗಳಲ್ಲಿ ಸಿಟ್ಟು ಜಾಸ್ತಿ ಇರುತ್ತದೆ, ಇರಲಿ. 2019ರ ಜುಲೈ 10, ವಿಶ್ವಕಪ್ ಸೆಮಿಫೈನಲ್. ಮಳೆಯಿಂದ ಮರುದಿನಕ್ಕೆ ಹೋದ ಪಂದ್ಯ. ಧೋನಿ ಎರಡನೇ ರನ್ನಿಗೆ ಓಡಿದಾಗ ನ್ಯೂಜಿಲೆಂಡಿನ ಮಾರ್ಟಿನ್ ಗಪ್ಟಿಲ್ ಎಸೆದ ಚೆಂಡು ನೇರ ವಿಕೆಟ್ಟಿಗೆ ಬಡಿಯಿತು. ನಾವು 18 ರನ್ನಿಗೆ ಸೋತೆವು. ನನ್ನ ಪುಟದಲ್ಲಿ ಗಪ್ಟಿಲ್‌ಗೆ ಹಾಕಿದ ಶಾಪವಿದೆ, ಇಲ್ಲಿ ಬರೆಯುವ ಹಾಗಿಲ್ಲ. ನಾಲ್ಕೇ ದಿನ. ಲಾರ್ಡ್ಸ್‌ನಲ್ಲಿ ಫೈನಲ್. ಕೊನೆಯ ಓವರಿನಲ್ಲಿ ಇಂಗ್ಲೆಂಡಿಗೆ ಮೂರು ಚೆಂಡಿಗೆ ಒಂಬತ್ತು ಬೇಕು. ಅದೇ ಗಪ್ಟಿಲ್ ಎಸೆದ ಚೆಂಡು, ಕ್ರೀಸಿಗೆ ಹಾರಿದ ಸ್ಟೋಕ್ಸ್ ಬ್ಯಾಟಿಗೆ ಬಡಿದು ಬೌಂಡರಿಗೆ ಹೋಯಿತು. ಅಂಪೈರ್ ಆರು ರನ್ ಕೊಟ್ಟರು. ಎರಡೂ ತಂಡ 241. ಸೂಪರ್ ಓವರಿನಲ್ಲೂ ಹದಿನೈದು, ಹದಿನೈದು. ಅದರ ಕೊನೆಯ ಚೆಂಡಿನಲ್ಲಿ ಎರಡನೇ ರನ್ನಿಗೆ ಓಡಿ ರನ್ ಔಟ್ ಆದವನೂ ಗಪ್ಟಿಲ್ಲೇ. ಬೌಂಡರಿ ಎಣಿಸಿ, 26ಕ್ಕೆ 17, ಇಂಗ್ಲೆಂಡ್ ಗೆದ್ದಿತು ಅಂದರು.

ಅವತ್ತು ರಾತ್ರಿ ನಾನು ಬರೆದದ್ದು: "ನನ್ನ ಶಾಪ ತಟ್ಟಿತಾ? ವಾಪಸ್ ತಗೊಳ್ಳೋಕೆ ಬರುತ್ತಾ?" ಜೊತೆಗೆ "ಮೋಸ" ಅಂತ ದೊಡ್ಡದಾಗಿ. ಮಾರನೇ ದಿನ ಮಾಜಿ ಅಂಪೈರ್ ಸೈಮನ್ ಟೌಫೆಲ್ ನಿಯಮ ಬಿಡಿಸಿ ಹೇಳಿದ್ದು ಬಂತು: ಚೆಂಡು ಎಸೆದ ಕ್ಷಣಕ್ಕೆ ಬ್ಯಾಟರುಗಳು ಎರಡನೇ ರನ್ನಿನಲ್ಲಿ ಒಬ್ಬರನ್ನೊಬ್ಬರು ದಾಟಿರಲಿಲ್ಲ, ಆದ್ದರಿಂದ ಐದು ರನ್ ಆಗಬೇಕಿತ್ತು. "ಮೋಸ" ಅನ್ನುವುದರ ಮೇಲೆ ಗೆರೆ ಎಳೆದು ಪಕ್ಕದಲ್ಲಿ "ತಪ್ಪು" ಅಂತ ಬರೆದೆ. ಎರಡಕ್ಕೂ ವ್ಯತ್ಯಾಸವಿದೆ, ನಮ್ಮ ಬಾಯಿಗೆ ಮೊದಲನೆಯದೇ ಬೇಗ ಬರುತ್ತದೆ. ಅಕ್ಟೋಬರಿನಲ್ಲಿ ಐಸಿಸಿ ಬೌಂಡರಿ ಎಣಿಸುವ ಪದ್ಧತಿ ಬಿಟ್ಟಿತು, ಅದನ್ನೂ ಅಂಟಿಸಿದೆ.

ಒಗಟುಗಳಿಗೆ ತಾಳ್ಮೆ ಬೇಕು. ಅಂಥ ಕಟಿಂಗ್ ಅಂಟಿಸಿದರೆ ಮುಂದಿನ ಎರಡು ಹಾಳೆ ಖಾಲಿ ಬಿಡಿ. ಆಸ್ಟ್ರೇಲಿಯಾದ ಅಡಿಲೇಡ್ ಹತ್ತಿರ ಸೋಮರ್ಟನ್ ಕಡಲತೀರದಲ್ಲಿ 1948ರ ಡಿಸೆಂಬರ್ 1ರಂದು ಸಿಕ್ಕ ಹೆಣದ ಕಥೆ ಓದಿದ್ದೀರಾ? ಒಳ್ಳೆಯ ಕೋಟು, ಹೆಸರಿನ ಗುರುತಿಲ್ಲ. ಜೇಬಿನೊಳಗೆ ಸುರುಳಿ ಸುತ್ತಿದ ಒಂದು ಚೂರು ಕಾಗದ. ಅದರಲ್ಲಿ 'ತಮಾಮ್ ಶುದ್' ಅನ್ನುವ ಪರ್ಷಿಯನ್ ಮಾತು, ಮುಗಿಯಿತು ಅಂತ ಅರ್ಥ. ನಾನು "ಖಂಡಿತಾ ಗೂಢಚಾರ" ಅಂತ ಬರೆದಿದ್ದೆ, ಖಂಡಿತಾ ಅನ್ನುವುದಕ್ಕೆ ಅಡಿಗೆರೆ ಬೇರೆ. 2022ರಲ್ಲಿ ಡೆರೆಕ್ ಅಬಾಟ್ ಎಂಬ ಪ್ರೊಫೆಸರು, ಮುಖದ ಪ್ಲಾಸ್ಟರ್ ಅಚ್ಚಿನಲ್ಲಿ ಸಿಕ್ಕಿಕೊಂಡಿದ್ದ ಕೂದಲಿನ ಡಿಎನ್‌ಎ ಹಿಡಿದು, ಆತ ಮೆಲ್ಬರ್ನ್‌ನ ಕಾರ್ಲ್ ವೆಬ್ ಅಂದರು. ಎಲೆಕ್ಟ್ರಿಕಲ್ ಎಂಜಿನಿಯರ್. ಹೇಳಿದ್ದು ಪ್ರೊಫೆಸರು, ಪೊಲೀಸರಲ್ಲ, ಅದನ್ನೂ ಪಕ್ಕದಲ್ಲೇ ಬರೆದುಕೊಂಡೆ. ನಿಜ ಹೇಳಬೇಕೆಂದರೆ ನನಗೆ ಬೇಜಾರಾಯಿತು. ಎಪ್ಪತ್ತು ವರ್ಷದ ಗೂಢಚಾರ ಹೋಗಿ ನಮ್ಮ ಮೋಟರ್ ರಿಪೇರಿಯವನಂಥ ಯಾರೋ ಬಂದ ಹಾಗೆ. ಆ ಬೇಜಾರನ್ನೂ ಬರೆದಿದ್ದೇನೆ, ತಾರೀಖು ಹಾಕಿ.

ಆದರೆ ಎಲ್ಲಾ ಒಗಟೂ ಆಟವಲ್ಲ. 2014ರ ಮಾರ್ಚ್ 8ರಂದು ಕ್ವಾಲಾಲಂಪುರದಿಂದ ಬೀಜಿಂಗ್‌ಗೆ ಹೊರಟು ಕಾಣೆಯಾದ ಎಂಎಚ್370 ವಿಮಾನದ ಪುಟದಲ್ಲಿ ಗೆರೆಯ ಕೆಳಗೆ ನಾನೇನೂ ಬರೆದಿಲ್ಲ. 239 ಜನ. ಮರುವರ್ಷ ಜುಲೈನಲ್ಲಿ ರಿಯೂನಿಯನ್ ದ್ವೀಪದ ದಡಕ್ಕೆ ರೆಕ್ಕೆಯ ತುಂಡೊಂದು ಬಂತು, 2017ರ ಜನವರಿಯಲ್ಲಿ ಹುಡುಕಾಟ ನಿಲ್ಲಿಸಿದರು, 2018ರಲ್ಲಿ ಮತ್ತೆ ಹುಡುಕಿದರು. ಗೆರೆಯ ಮೇಲೆ ಇಷ್ಟೇ. ಬಾಗಿಲ ಸದ್ದಾದರೆ ಎದ್ದು ನೋಡುವ ಮನೆಯವರು ಇನ್ನೂ ಇದ್ದಾರೆ ಅನ್ನುವಾಗ ಊಹೆಗೆ ಪೆನ್ನು ಎತ್ತಬೇಡಿ.

ವರ್ಷಕ್ಕೊಮ್ಮೆ ಹಿಂದಕ್ಕೆ ತಿರುಗಿಸಿ ಓದಬೇಕು. ನಾನು ಆಯುಧಪೂಜೆ ದಿನ ಓದುತ್ತೇನೆ. ಮಷೀನಿಗೆ ಕುಂಕುಮ ಇಟ್ಟು, ಬೂದುಗುಂಬಳ ಒಡೆದು, ಮಂಡಕ್ಕಿ ಹಂಚಿದ ಮೇಲೆ ಅವತ್ತು ಬೇರೆ ಕೆಲಸವಿರುವುದಿಲ್ಲ.

ಹೋದ ಸಲ ಓದುವಾಗ 2025ರ ಜೂನ್ 3ರ ಪುಟದಲ್ಲಿ ಕೈ ನಿಂತಿತು. ಆರ್‌ಸಿಬಿ ಹದಿನೆಂಟನೇ ವರ್ಷಕ್ಕೆ ಕಪ್ ಗೆದ್ದ ರಾತ್ರಿ, ಪಂಜಾಬ್ ವಿರುದ್ಧ ಆರು ರನ್. ಬೀದಿಯಲ್ಲಿ ಪಟಾಕಿ, ನನ್ನ ಮಗ ಟೆರೇಸಿನ ಮೇಲೆ. ಹನ್ನೆರಡು ಗಂಟೆಗೆ ಹತ್ತು ನಿಮಿಷವಿದೆ ಅಂತ ಹೊತ್ತು ಹಾಕಿ ನಾನು ಬರೆದ ಸಾಲು: "ಇನ್ನು ಸತ್ತರೂ ಚಿಂತೆಯಿಲ್ಲ." ಎಲ್ಲರೂ ಆಡುವ ಮಾತೇ. ಮರುದಿನ ಸಂಜೆ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ನೂಕುನುಗ್ಗಲಿನಲ್ಲಿ ಹನ್ನೊಂದು ಜನ ಸತ್ತರು. ಮಗನಿಗೆ ಬೆಂಗಳೂರಿಗೆ ಹೋಗಲು ಬಸ್ ಚಾರ್ಜಿಗೆ ದುಡ್ಡು ಕೊಡಲ್ಲ ಅಂತ ಬೆಳಿಗ್ಗೆ ಜಗಳವಾಡಿದ್ದೆ.

ಅದರ ಮಾರನೇ ದಿನವೇ ಆ ಸಾಲನ್ನು ಹರಿದು ಹಾಕಬೇಕು ಅನ್ನಿಸಿತ್ತು. ಕತ್ತರಿ ಕೈಯಲ್ಲೇ ಇತ್ತು, ಜೂನ್ 5ರ ಪೇಪರ್ ಕತ್ತರಿಸುತ್ತಿದ್ದೆ. ಹರಿಯಲಿಲ್ಲ, ಗೆರೆಯನ್ನೂ ಎಳೆಯಲಿಲ್ಲ. ಮುಂದಿನ ಎಡಪುಟಕ್ಕೆ ಆ ಕಟಿಂಗ್ ಅಂಟಿಸಿ, ಮೇಲೆ ಇಟ್ಟಿಗೆ ಹೇರಿಟ್ಟೆ. ಅದರ ಬಲಪುಟದಲ್ಲಿ ಗೆರೆಯ ಮೇಲೆ ಒಂದೇ ಸಾಲು ಇದೆ: "ಮಗ ಮನೆಯಲ್ಲಿದ್ದಾನೆ. ಊಟ ಮಾಡಿಲ್ಲ." ಗೆರೆಯ ಕೆಳಗೆ ಇನ್ನೂ ಖಾಲಿ.